ಶ್ರದ್ಧೆಯೇ ಧೈರ್ಯದ ಬೇರು

(ಶ್ರಾವಣ ಮಾಸದ ಪ್ರವಚನಮಾಲೆ: ಮೂರನೆಯ ಸೋಮವಾರ)



ಕಳೆದ ಎರಡು ಸೋಮವಾರಗಳಂದು ನಾವು ಅಷ್ಟಾವರಣಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಿದೆವು. ಈ ದಿನ ಪಂಚಾಚಾರಗಳನ್ನು ಎತ್ತಿಕೊಳ್ಳಬೇಕೆಂದು ನಮ್ಮ ಸಂಕಲ್ಪವಿತ್ತು. ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇವೆ. ಅದಕ್ಕೊಂದು ಕಾರಣವುಂಟು.

ಮೂರು ದಿನಗಳ ಹಿಂದೆ ಸಂಜೆ ಪೂಜೆ ಮುಗಿಸಿ ನಾವು ಹೊರಗಿನ ಪಡಸಾಲೆಯಲ್ಲಿ ಕುಳಿತಿದ್ದೆವು. ಒಬ್ಬ ರೈತ ತನ್ನ ಮಗನನ್ನು ಕರೆದುಕೊಂಡು ಬಂದ. ಹುಡುಗನಿಗೆ ಹತ್ತೊಂಬತ್ತರ ವಯಸ್ಸು ಇದ್ದೀತು. ಕಾಲೇಜಿನ ಎರಡನೆಯ ವರ್ಷದ ಪರೀಕ್ಷೆಗೆ ಎರಡು ಸಲ ಕುಳಿತು ಎರಡು ಸಲವೂ ಗಣಿತದಲ್ಲಿ ನಪಾಸಾಗಿದ್ದಾನೆ. ತಿಂಗಳಾಯಿತು, ಮನೆಯವರೊಡನೆ ಮಾತಿಲ್ಲ, ಸರಿಯಾಗಿ ಊಟವಿಲ್ಲ, ಹೊರಗೆ ಬಂದರೆ ಓಣಿಯವರು ಏನು ಕೇಳುವರೋ ಎಂದು ಕೋಣೆ ಬಿಟ್ಟು ಬರುವುದಿಲ್ಲ. ತಂದೆ ನಮಸ್ಕರಿಸಿ, "ಅಪ್ಪಾರ, ಇವಗ ಸ್ವಲ್ಪ ಬುದ್ಧಿ ಹೇಳ್ರಿ, ಪೂಜಾ ಮಾಡೂದನೂ ಬಿಟ್ಟಾನ" ಎಂದ. ನಾವು ಹುಡುಗನನ್ನು ಹತ್ತಿರ ಕೂರಿಸಿಕೊಂಡು, "ಯಾಕ ತಮ್ಮಾ, ಪೂಜಾ ಯಾಕ ಬಿಟ್ಟಿ?" ಎಂದು ಕೇಳಿದೆವು. ಬಹಳ ಹೊತ್ತು ಆತ ತಲೆ ಎತ್ತಲಿಲ್ಲ. ಆಮೇಲೆ ಹೇಳಿದ:

"ಅಪ್ಪಾರ, ನಾ ದಿನಾ ತಪ್ಪದ ಲಿಂಗಪೂಜಾ ಮಾಡೇನಿ. ಪರೀಕ್ಷಾದ ದಿನಾನೂ ಮಾಡಿಕೊಂಡ ಹೋಗೇನಿ. ಆದ್ರೂ ಎರಡ ಸಲ ನಪಾಸಾದೆ. ಅಂದ್ರ ದೇವರಿಗೆ ನನ್ನ ಮಾತ ಕೇಳಸೂದಿಲ್ಲೋ, ಇಲ್ಲಾ ನನ್ನ ಭಕ್ತಿನ ಖೋಟಾನೋ, ಇಲ್ಲಾ ನಾನ ಯಾತಕ್ಕೂ ಬಾರದವನೋ? ಮೂರರಾಗ ಒಂದ ಇರಬೇಕಲ್ರಿ?"

ಬಂಧುಗಳೇ, ಪಾಠಶಾಲೆಯಲ್ಲಿ ಹತ್ತು ಹನ್ನೆರಡು ವರ್ಷ ತರ್ಕವ್ಯಾಕರಣಗಳನ್ನು ಓದಿದ ನಮಗೆ ಆ ಹುಡುಗನ ಪ್ರಶ್ನೆಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ವಿಭೂತಿ ಕೊಟ್ಟು, ಪ್ರಸಾದ ಮಾಡಿಸಿ, "ಸೋಮವಾರ ಪ್ರವಚನಕ್ಕೆ ಬಾ, ಅಲ್ಲಿ ಹೇಳುತ್ತೇವೆ" ಎಂದು ಕಳಿಸಿದೆವು. ಈ ಮಾತನ್ನು ಇಲ್ಲಿ ಹೇಳಲು ಆತನ ಒಪ್ಪಿಗೆ ಪಡೆದಿದ್ದೇವೆ. ಹೆಸರು, ಊರು ಹೇಳುವುದಿಲ್ಲ. ಆತನ ಹೆಸರು ಬೇಕಾಗಿಯೂ ಇಲ್ಲ. ಯಾಕೆಂದರೆ ಈ ಪ್ರಶ್ನೆ ಅವನೊಬ್ಬನದಲ್ಲ. ಬೆಳೆ ಕೈಕೊಟ್ಟ ರೈತನದು, ಅಂಗಡಿ ಮುಚ್ಚಿದ ವ್ಯಾಪಾರಿಯದು, ನಾಲ್ಕು ಕಡೆ ಕನ್ಯೆ ತೋರಿಸಿ ಬೇಡವೆನಿಸಿಕೊಂಡ ತಂದೆತಾಯಿಗಳದು, ಅಷ್ಟೇಕೆ, ಈ ಸಭೆಯಲ್ಲಿ ಕುಳಿತ ಪ್ರತಿಯೊಬ್ಬರದೂ ಹೌದು. ಸೋಲು ಯಾರ ಬಾಗಿಲಿಗೂ ಬಾರದೆ ಉಳಿದಿಲ್ಲ.

ಮೊದಲು ಆತನ ಮೂರು ವಿಕಲ್ಪಗಳನ್ನು ನೋಡೋಣ. ಮೂರರಲ್ಲಿ ಒಂದು ಇರಲೇಬೇಕು ಎಂಬುದು ಆತನ ವಾದ. ಆದರೆ ಆ ವಾದದ ಬುಡದಲ್ಲಿ ಒಂದು ಮಾತು ಅಡಗಿದೆ: ಪೂಜೆ ಮಾಡಿದವನು ಗೆಲ್ಲಲೇಬೇಕು ಎಂಬುದು. ಇದನ್ನು ಯಾರು ಹೇಳಿದರು? ಗುರು ಲಿಂಗದೀಕ್ಷೆ ಕೊಡುವಾಗ ಶಿಷ್ಯನಿಗೆ ಹಾಗೆಂದು ಮಾತು ಕೊಟ್ಟಿಲ್ಲ. ಶರಣರು ಎಲ್ಲಿಯೂ ಹಾಗೆ ಹೇಳಿಲ್ಲ. ಹಾಗೆ ಹೇಳಿಕೊಟ್ಟವರು ನಾವು ನೀವು, ದೊಡ್ಡವರು. "ಪೂಜೆ ಮಾಡು, ಪಾಸಾಗುತ್ತೀ" ಎಂದು ಚಿಕ್ಕಂದಿನಲ್ಲಿಯೇ ಮಕ್ಕಳ ಕಿವಿಯಲ್ಲಿ ಊದುತ್ತೇವೆ. ಸಂತೆಯಲ್ಲಿ ದುಡ್ಡು ಕೊಟ್ಟು ಸಾಮಾನು ತರುವ ಹಾಗೆ ಪೂಜೆ ಕೊಟ್ಟು ಫಲ ತರುವ ವ್ಯವಹಾರವನ್ನು ಕಲಿಸುತ್ತೇವೆ. ಸಾಮಾನು ಸಿಗದಿದ್ದಾಗ ಮಗುವು ಅಂಗಡಿಯನ್ನೇ ಬಿಟ್ಟರೆ ಅದು ಮಗುವಿನ ತಪ್ಪೇ?

ಹಾಗಾದರೆ ಶ್ರದ್ಧೆ ಎಂದರೇನು? ಸಂಸ್ಕೃತದಲ್ಲಿ ಈ ಪದಕ್ಕೆ ಎರಡು ಅಂಗಗಳು. 'ಶ್ರತ್' ಎಂದರೆ ಸತ್ಯ; 'ಧಾ' ಎಂದರೆ ಇಡುವುದು, ನೆಲೆಗೊಳಿಸುವುದು. ಸತ್ಯದಲ್ಲಿ ಮನಸ್ಸನ್ನು ಇಡುವುದೇ ಶ್ರದ್ಧೆ. ಆಸೆಯಲ್ಲಿ ಮನಸ್ಸನ್ನು ಇಡುವುದಕ್ಕೆ ಶ್ರದ್ಧೆಯ ಹೆಸರಿಲ್ಲ. "ನಾನು ಖಂಡಿತ ಗೆಲ್ಲುತ್ತೇನೆ" ಎಂಬುದು ಆಸೆ. ಅದು ಒಳ್ಳೆಯದೇ ಇರಬಹುದು. "ನಾನು ಗೆದ್ದರೂ ಸೋತರೂ ಸತ್ಯವನ್ನು ಬಿಟ್ಟು ಓಡಿಹೋಗುವುದಿಲ್ಲ" ಎಂಬುದು ಶ್ರದ್ಧೆ. ಇನ್ನೊಂದು ಪದ 'ವಿಶ್ವಾಸ'. ಅದರ ಮೂಲ ಉಸಿರಾಟದ ಧಾತುವಿನಲ್ಲಿದೆ. ಅಂಜಿಕೆಯಿಲ್ಲದೆ ನಿರಾಳವಾಗಿ ಉಸಿರಾಡುವುದೇ ವಿಶ್ವಾಸ. ಸೋತವನನ್ನು ನೀವು ನೋಡಿರಿ: ಆತನ ಉಸಿರು ಎದೆಯ ಮೇಲ್ಭಾಗದಲ್ಲಿಯೇ ನಿಂತುಬಿಟ್ಟಿರುತ್ತದೆ. ತಾಯಿಯ ಮಡಿಲಲ್ಲಿ ಮಲಗಿದ ಕೂಸನ್ನು ನೋಡಿರಿ: ಹೊಟ್ಟೆ ತುಂಬ ಉಸಿರಾಡುತ್ತದೆ. ಆ ಕೂಸಿಗೆ ನಾಳೆಯ ಚಿಂತೆ ತೀರಿದೆ ಎಂದಲ್ಲ, ತಾನು ಯಾರ ಮಡಿಲಲ್ಲಿ ಇದ್ದೇನೆಂಬುದು ಅದಕ್ಕೆ ಗೊತ್ತಿದೆ.

ಇನ್ನು 'ಧೈರ್ಯ'. ಧೀರನ ಭಾವವೇ ಧೈರ್ಯ. ಧೀರ ಎಂಬ ಪದದಲ್ಲಿ 'ಧೀ' ಇದೆ, ಬುದ್ಧಿ ಇದೆ. ಮೀಸೆ ತಿರುವುವುದು, ಕೂಗಾಡುವುದು ಧೈರ್ಯವಲ್ಲ. ಎದೆ ನಡುಗುತ್ತಿದ್ದರೂ ಬುದ್ಧಿಯ ದೀಪ ಆರದಂತೆ ನೋಡಿಕೊಳ್ಳುವವನು ಧೀರ. ದಿನದಿನದ ಬಾಳಿಗೆ ನಮಗೆ ಬೇಕಾದದ್ದು ಈ ಧೈರ್ಯ. ರಣರಂಗಕ್ಕೆ ಹೋಗುವ ಪ್ರಸಂಗ ನಮ್ಮಲ್ಲಿ ಎಷ್ಟು ಮಂದಿಗೆ ಬಂದೀತು? ಆದರೆ ಸೋತ ಮಾರನೆಯ ದಿನ ಬೆಳಿಗ್ಗೆ ಎದ್ದು ಮುಖ ತೊಳೆದು ಓಣಿಗೆ ಬರುವ ಪ್ರಸಂಗ ಎಲ್ಲರಿಗೂ ಬರುತ್ತದೆ.

ಈಗ ಹುಡುಗನ ಮೂರನೆಯ ಮಾತಿಗೆ ಬರೋಣ. "ನಾನು ಯಾತಕ್ಕೂ ಬಾರದವನು" ಎಂಬ ಮಾತು. ಇದನ್ನು ಜನ ಆತ್ಮಸಂಶಯ ಎನ್ನುತ್ತಾರೆ. ತರ್ಕಶಾಸ್ತ್ರ ಓದಿದವರು ಇದನ್ನು ಒಪ್ಪುವುದಿಲ್ಲ. ತರ್ಕದಲ್ಲಿ ಸಂಶಯಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆಯುಂಟು. ಮಬ್ಬುಗತ್ತಲೆಯಲ್ಲಿ ದೂರದಲ್ಲಿ ಏನೋ ನಿಂತಂತೆ ಕಾಣುತ್ತದೆ. ಅದು ಮೋಟು ಮರವೋ, ಮನುಷ್ಯನೋ? ಇದು ಸಂಶಯ. ಸಂಶಯ ಕೆಟ್ಟದ್ದಲ್ಲ, ನ್ಯಾಯಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೂ ಒಂದು ಸ್ಥಾನವುಂಟು. ಅದು ವಿಚಾರದ ಬಾಗಿಲು. ಸಂಶಯ ಬಂದವನು ನಾಲ್ಕು ಹೆಜ್ಜೆ ಹತ್ತಿರ ಹೋಗುತ್ತಾನೆ, ಕೈಕಾಲು ಇವೆಯೋ ಕೊಂಬೆ ಪೊಟರೆ ಇವೆಯೋ ಎಂದು ನೋಡುತ್ತಾನೆ, ನಿಶ್ಚಯ ಮಾಡಿಕೊಳ್ಳುತ್ತಾನೆ. ಆದರೆ ಇನ್ನೊಂದುಂಟು, ಅದಕ್ಕೆ ವಿಪರ್ಯಯ ಎಂದು ಹೆಸರು. ಬಿಸಿಲಿನಲ್ಲಿ ಹೊಳೆಯುವ ಚಿಪ್ಪನ್ನು ಕಂಡು "ಇದು ಬೆಳ್ಳಿ" ಎಂದು ನಿಶ್ಚಯ ಮಾಡಿಬಿಡುವುದು. ಅಲ್ಲಿ ಸಂಶಯವೇ ಇಲ್ಲ. ತಪ್ಪು ನಿಶ್ಚಯವಿದೆ. ಆದ್ದರಿಂದ ಅವನು ಹತ್ತಿರ ಹೋಗಿ ಪರೀಕ್ಷಿಸುವುದಿಲ್ಲ.

"ನನಗೆ ಗಣಿತ ಬರುತ್ತದೆಯೋ ಇಲ್ಲವೋ, ಎಲ್ಲಿ ತಪ್ಪುತ್ತಿದ್ದೇನೆ?" ಎಂಬುದು ಸಂಶಯ. ಅದು ಒಳ್ಳೆಯದು, ಅದರಿಂದ ದಾರಿ ಸಿಕ್ಕುತ್ತದೆ. "ನಾನು ಯಾತಕ್ಕೂ ಬಾರದವನು" ಎಂಬುದು ವಿಪರ್ಯಯ. ಮೂರು ಗಂಟೆಯ ಒಂದು ಪರೀಕ್ಷೆಯನ್ನು ನೋಡಿ ಇಡೀ ಬಾಳಿನ ಮೇಲೆ ತೀರ್ಪು ಬರೆದುಬಿಟ್ಟದ್ದು. ಈ ತೀರ್ಪನ್ನು ಬರೆದ ನ್ಯಾಯಾಧೀಶ ಯಾರು? ತಿಂಗಳಿಂದ ಉಂಡಿಲ್ಲದ, ಮಲಗಿಲ್ಲದ, ಹೆದರಿದ ಮನಸ್ಸು. ಅಂಥವನ ಸಾಕ್ಷಿಯನ್ನು ಕಚೇರಿಯಲ್ಲಿಯೂ ನಂಬುವುದಿಲ್ಲ, ನಾವೇಕೆ ನಂಬಬೇಕು? ತಮ್ಮಾ, ನಿನ್ನಲ್ಲಿ ಸಂಶಯ ಹೆಚ್ಚಾಗಿಲ್ಲ, ಸಾಲದಾಗಿದೆ. ನಿನ್ನ ಆ ತೀರ್ಪಿನ ಮೇಲೆಯೂ ಸ್ವಲ್ಪ ಸಂಶಯಪಡು. ನಾಲ್ಕು ಹೆಜ್ಜೆ ಹತ್ತಿರ ಹೋಗಿ ನೋಡು. ಆ ನಾಲ್ಕು ಹೆಜ್ಜೆಗಳಿಗೇ ಧೈರ್ಯವೆಂದು ಹೆಸರು.

ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮದೇ ಒಂದು ಮಾತನ್ನು ಹೇಳಬೇಕಾಗಿದೆ. ನಾವು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದೆವು. ವರ್ಷದ ಕೊನೆಗೆ ಹಿರಿಯ ಪಂಡಿತರ ಮುಂದೆ ವಿದ್ಯಾರ್ಥಿಗಳು ವ್ಯಾಕರಣದ ಸೂತ್ರಗಳನ್ನು ಒಪ್ಪಿಸಿ ರೂಪಸಿದ್ಧಿ ಮಾಡಿ ತೋರಿಸಬೇಕಾಗಿತ್ತು. ನಮಗೆ ಎಲ್ಲವೂ ಬಾಯಿಪಾಠವಾಗಿತ್ತು. ಎದ್ದು ನಿಂತೆವು. ಪಂಡಿತರು ಒಂದು ಪದ ಕೊಟ್ಟರು. ಮೊದಲ ಸೂತ್ರವೇ ನಾಲಗೆಗೆ ಬರಲಿಲ್ಲ. ಸಭೆ ಕಾಯಿತು. ಯಾರೋ ನಕ್ಕರು. ಕಣ್ಣು ಕತ್ತಲೆಗೂಡಿ ಕುಳಿತುಬಿಟ್ಟೆವು. ಆ ವರ್ಷ ನಾವು ಅನುತ್ತೀರ್ಣರಾದೆವು. ಅಂದು ರಾತ್ರಿಯೇ ಟ್ರಂಕಿನಲ್ಲಿ ಎರಡು ಧೋತರ ಇಟ್ಟುಕೊಂಡು ಊರಿಗೆ ಹೋಗುವುದೆಂದು ನಿಶ್ಚಯಿಸಿ ಬಾಗಿಲವರೆಗೆ ಬಂದೆವು. ನಮ್ಮ ಪೂಜ್ಯ ಗುರುಗಳು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತಿದ್ದರು.

ಅವರು ಬೈಯಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. "ನಾಳೆ ದಾಸೋಹದಲ್ಲಿ ಬಡಿಸುವವರು ಕಡಿಮೆ ಇದ್ದಾರೆ, ಎಂಟು ದಿನ ಇದ್ದು ಹೋಗು" ಎಂದರು. ಎಂಟು ದಿನ ನಾವು ನುಚ್ಚು, ಸಾರು ಬಡಿಸಿದೆವು, ಪಾತ್ರೆ ತಿಕ್ಕಿದೆವು. ಪ್ರತಿದಿನ ಸಂಜೆ ಗುರುಗಳು ಕರೆದು ಒಂದೇ ಒಂದು ಸೂತ್ರ ಕೇಳುತ್ತಿದ್ದರು. ಎರಡನೆಯದನ್ನು ಕೇಳುತ್ತಿರಲಿಲ್ಲ. ಮೊದಲ ದಿನ ಗಂಟಲು ಕಟ್ಟಿತು. ಎರಡನೆಯ ದಿನ ತಡವರಿಸಿ ಹೇಳಿದೆವು. ನಾಲ್ಕನೆಯ ದಿನ ಸರಾಗವಾಗಿ ಬಂತು. ಎಂಟನೆಯ ದಿನ, "ಒಂಬತ್ತನೆಯದನ್ನು ಕೇಳಲೋ, ಊರಿಗೆ ಹೋಗುತ್ತೀಯೋ?" ಎಂದರು. ನಾವು ಊರಿಗೆ ಹೋಗಲಿಲ್ಲ. ಆ ಕಾಲಕ್ಕೆ ಇದರ ಮರ್ಮ ತಿಳಿದಿರಲಿಲ್ಲ. ಈಗ ತಿಳಿಯುತ್ತದೆ: ಧೈರ್ಯವು ಒಮ್ಮೆಗೇ ಹೊಳೆಯಂತೆ ಬಂದು ತುಂಬುವುದಿಲ್ಲ. ಬತ್ತಿದ ಬಾವಿಗೆ ನೀರು ಬರುವಂತೆ ಒರತೆಯೊಡೆದು ಸ್ವಲ್ಪಸ್ವಲ್ಪವಾಗಿ ಬರುತ್ತದೆ. ದಿನಕ್ಕೊಂದು ಸೂತ್ರ. ಅಷ್ಟು ಸಾಕು.

ನಮ್ಮ ಷಟ್‌ಸ್ಥಲ ಸಿದ್ಧಾಂತವು ಇದೇ ಕ್ರಮವನ್ನು ಹೇಳುತ್ತದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಆರು ಬಗೆಯ ಭಕ್ತಿಗಳು: ಶ್ರದ್ಧಾಭಕ್ತಿ, ನಿಷ್ಠಾಭಕ್ತಿ, ಅವಧಾನಭಕ್ತಿ, ಅನುಭಾವಭಕ್ತಿ, ಆನಂದಭಕ್ತಿ, ಸಮರಸಭಕ್ತಿ. ಮೊದಲ ಮೂರನ್ನು ಮಾತ್ರ ಈ ದಿನ ನೋಡೋಣ.

ಮೊದಲನೆಯದು ಶ್ರದ್ಧೆ. ಇದು ಭಕ್ತಸ್ಥಲದ್ದು, ಅಂದರೆ ಮೊದಲ ಮೆಟ್ಟಿಲಿನದು. ಶ್ರದ್ಧೆ ಇದ್ದವನಿಗೆ ಎಲ್ಲವೂ ಕೈಗೂಡಿತು ಎಂದು ಶರಣರು ತಿಳಿದಿದ್ದರೆ ಇದನ್ನು ಕೊನೆಯಲ್ಲಿ ಇಡುತ್ತಿದ್ದರು. ಮೊದಲಿಗೆ ಇಟ್ಟಿದ್ದಾರೆ. ಶ್ರದ್ಧೆಯಿಂದ ಪ್ರಯಾಣ ಆರಂಭವಾಗುತ್ತದೆ. ಸತ್ಯದಲ್ಲಿ ಮನಸ್ಸಿಡುವುದೆಂದರೆ ಸೋತ ಸತ್ಯವನ್ನೂ ನೋಡುವುದು. "ಇಷ್ಟು ಅಂಕ ಬಂದಿವೆ, ಇಷ್ಟು ಸಾಲವಾಗಿದೆ, ಇಲ್ಲಿ ತಪ್ಪಿದ್ದೇನೆ" ಎಂದು ಕಣ್ಣು ತೆರೆದು ನೋಡುವುದು. ಅಂಕಪಟ್ಟಿಯನ್ನು ಅಪ್ಪನಿಗೆ ಕಾಣದಂತೆ ಮುಚ್ಚಿಡುವವನು ಪೂಜೆಗೆ ಎರಡು ತಾಸು ಕುಳಿತರೂ ಅದು ಶ್ರದ್ಧೆಯಾಗಲಾರದು.

ಎರಡನೆಯದು ನಿಷ್ಠೆ. ಇದು ಮಹೇಶಸ್ಥಲದ್ದು. ನಿಷ್ಠೆಯಲ್ಲಿ 'ಸ್ಥಾ' ಧಾತುವಿದೆ, ನಿಲ್ಲುವುದು ಎಂದರ್ಥ. ನೋಡಿದ ಸತ್ಯ ಕಹಿಯಾಗಿದ್ದರೂ ಅಲ್ಲಿಂದ ಓಡದೆ ನಿಲ್ಲುವುದು ನಿಷ್ಠೆ. ಗಾಳಿ ಬೀಸುವಾಗ ಜೋಳದ ದಂಟು ಬಾಗುತ್ತದೆ, ಆದರೆ ಬೇರು ನೆಲವನ್ನು ಬಿಡುವುದಿಲ್ಲ. ಬಾಗಬಾರದು ಎಂದು ಶಾಸ್ತ್ರ ಹೇಳುವುದಿಲ್ಲ. ಅಳಬಾರದು ಎಂದೂ ಹೇಳುವುದಿಲ್ಲ. ಅತ್ತು ಕಣ್ಣೊರಸಿಕೊಂಡು ನಿಂತರೆ ಅದೂ ನಿಷ್ಠೆಯೇ.

ಮೂರನೆಯದು ಅವಧಾನ. ಇದು ಪ್ರಸಾದಿಸ್ಥಲದ್ದು. ಅವಧಾನದಲ್ಲಿಯೂ ಶ್ರದ್ಧೆಯಲ್ಲಿದ್ದ ಅದೇ 'ಧಾ' ಧಾತುವಿದೆ. ಅಲ್ಲಿ ಮನಸ್ಸನ್ನು ಸತ್ಯದಲ್ಲಿ ಇಟ್ಟೆವು. ಇಲ್ಲಿ ಕೈಯಲ್ಲಿರುವ ಕೆಲಸದಲ್ಲಿ ಇಡುತ್ತೇವೆ. ಈ ಸ್ಥಲಕ್ಕೆ ಪ್ರಸಾದಿ ಎಂಬ ಹೆಸರು ಬಂದದ್ದು ಬಹಳ ಅರ್ಥವತ್ತಾಗಿದೆ. ಪ್ರಸಾದವೆಂದರೆ ಏನು? ನಾವು ಲಿಂಗಕ್ಕೆ ಅರ್ಪಿಸಿದ್ದು ತಿರುಗಿ ನಮ್ಮ ಕೈಗೆ ಬಂದದ್ದು. ನಮ್ಮ ಕಾಯಕವನ್ನು ಶಿವನಿಗೆ ಅರ್ಪಿಸಿದೆವೆಂದ ಮೇಲೆ ಅದರಿಂದ ತಿರುಗಿ ಬಂದದ್ದೆಲ್ಲ ಪ್ರಸಾದ. ಗೆಲುವು ಬಂದರೆ ಪ್ರಸಾದ, ಸೋಲು ಬಂದರೆ ಕಸ ಎಂದು ವಿಂಗಡಿಸಲು ಬರುವುದಿಲ್ಲ. ಪ್ರಸಾದವನ್ನು ನಾವು ಹೇಗೆ ಸ್ವೀಕರಿಸುತ್ತೇವೆ? ಒಂದು ಅಗುಳನ್ನೂ ಎಲೆಯಲ್ಲಿ ಬಿಡುವುದಿಲ್ಲ. ಹಾಗೆಯೇ ಸೋಲನ್ನೂ ಬಿಸಾಡಬಾರದು. ಅದರಲ್ಲಿ ಕಲಿಯುವುದಕ್ಕೆ ಏನಿದೆಯೋ ಅದರ ಕೊನೆಯ ಅಗುಳಿನವರೆಗೆ ಸ್ವೀಕರಿಸಬೇಕು. "ಸೋಲೇ ಗೆಲುವಿನ ಸೋಪಾನ" ಎಂದು ಶಾಲೆಯ ಗೋಡೆಗಳ ಮೇಲೆ ಬರೆದಿರುತ್ತಾರೆ. ಸೋಲು ತಾನಾಗಿಯೇ ಸೋಪಾನವಾಗುವುದಿಲ್ಲ. ನೋಡದೆ ಬಿಟ್ಟ ಸೋಲು ಕಾಲಿಗೆ ಎಡರುವ ಕಲ್ಲಾಗಿಯೇ ಬಿದ್ದಿರುತ್ತದೆ. ಅವಧಾನದಿಂದ ಎತ್ತಿ ಕಟ್ಟಿದರೆ ಮಾತ್ರ ಅದು ಮೆಟ್ಟಿಲು.

ಇದನ್ನು ಬಾಳಿ ತೋರಿಸಿದವರನ್ನು ನೆನೆಯೋಣ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರಿದ್ದರು. ಈಗ ಅದು ಮಹಾರಾಷ್ಟ್ರದ ಸೊಲ್ಲಾಪುರ. ಅವರು ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು. ಸಾವಿರಾರು ಜನ ಅವರನ್ನು ದೇವರೆಂದೇ ನಂಬಿದ್ದರು. ಅಲ್ಲಿಗೆ ಅಲ್ಲಮಪ್ರಭುಗಳು ಬಂದು, ಅವರನ್ನು ಕಲ್ಲುಮಣ್ಣಿನ ಕೆಲಸದ ಒಡ್ಡನೆಂದು ಕರೆದು ಕೆಣಕಿದ ಪ್ರಸಂಗವನ್ನು ಶೂನ್ಯಸಂಪಾದನೆ ವರ್ಣಿಸುತ್ತದೆ. ಹೊರಗಿನ ಕೆಲಸದಲ್ಲಿಯೇ ಮುಳುಗಿ ಒಳಗಿನ ಅರಿವನ್ನು ಮರೆತಿದ್ದೀ ಎಂಬುದು ಪ್ರಭುಗಳ ಆಕ್ಷೇಪ. ವಿಚಾರ ಮಾಡಿರಿ. ಪರೀಕ್ಷೆಯಲ್ಲಿ ನಪಾಸಾಗುವುದು ಒಂದು ಸೋಲು. ಊರೆಲ್ಲ ಹೊಗಳುತ್ತಿರುವಾಗ ತನ್ನ ಜೀವಮಾನದ ಕೆಲಸವೇ ಅಪೂರ್ಣವೆಂದು ತಿಳಿಯುವುದು ಎಷ್ಟು ದೊಡ್ಡ ಸೋಲು! ಸಿದ್ಧರಾಮರು ಮೊದಲು ಕೋಪಗೊಂಡರು. ಆಮೇಲೆ ಹತ್ತಿರ ಹೋಗಿ ನೋಡಿದರು. ಮಾತು ನಿಜವೆಂದು ಕಂಡಾಗ ಕೈಚೆಲ್ಲಿ ಕೂರಲಿಲ್ಲ. ಕಲ್ಯಾಣಕ್ಕೆ ನಡೆದು, ವಯಸ್ಸಿನಲ್ಲಿ ಕಿರಿಯರಾದ ಚನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಮುಂದೆ ಅವರೇ ಶೂನ್ಯಪೀಠವನ್ನು ಏರಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಅವರ ಕೆರೆಯೂ ಇಂದಿಗೂ ಸೊಲ್ಲಾಪುರದಲ್ಲಿದೆ. ಸೋಲನ್ನು ಒಪ್ಪಿಕೊಂಡದ್ದರಿಂದ ಹಿಂದೆ ಮಾಡಿದ ಒಳ್ಳೆಯದು ಅಳಿಸಿಹೋಗಲಿಲ್ಲ.

ಇನ್ನು ನಮ್ಮ ಅಜ್ಜಂದಿರ ಕಾಲದ ಮಾತು. ಫ.ಗು. ಹಳಕಟ್ಟಿಯವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಕೀಲಿ ಕಲಿತು ವಿಜಯಪುರದಲ್ಲಿ ನೆಲೆಸಿದರು. ಕೈತುಂಬ ಹಣ ಗಳಿಸಬಹುದಾಗಿತ್ತು. ಅವರಿಗೆ ಹಿಡಿದದ್ದು ವಚನಗಳ ಹುಚ್ಚು. ಆ ಕಾಲಕ್ಕೆ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ, ಬಟ್ಟೆ ಸುತ್ತಿ, ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು; ಓದುವವರಿರಲಿಲ್ಲ. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ಅವನ್ನು ಕೂಡಿಸಿದರು, ನಕಲು ಮಾಡಿದರು. ಅಚ್ಚು ಮಾಡಲು ಮೊದಲು ಕಳಿಸಿದ ಕಡೆಯಿಂದ ಪ್ರತಿ ಹಿಂದಿರುಗಿ ಬಂತು. ಹಿಂದಿರುಗಿ ಬಂದ ಆ ಕಟ್ಟನ್ನು ಅವರು ಅಟ್ಟದ ಮೇಲೆ ಹಾಕಿದ್ದರೆ ಇಂದು ನಮ್ಮ ಗತಿ ಏನಾಗುತ್ತಿತ್ತು! 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಕು ಕಂಡಿತು. ಮುಂದೆ ಇದ್ದ ಮನೆಯನ್ನು ಮಾರಿ ಅಚ್ಚುಕೂಟ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಬಾಡಿಗೆಯ ಮನೆಯಲ್ಲಿದ್ದರು. 1964ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಬಡತನ ಬಿಡಲಿಲ್ಲ, ಅವರೂ ಕೆಲಸ ಬಿಡಲಿಲ್ಲ. ವ್ಯವಹಾರದ ಲೆಕ್ಕದಲ್ಲಿ ಅವರು ಸೋತವರು. ಆದರೆ ಇಂದು ವಚನ ಓದುವ ಪ್ರತಿಯೊಂದು ಮನೆಯೂ ಅವರ ಋಣದಲ್ಲಿದೆ. ಅವರು ದಿನವೂ ಮಾಡಿದ್ದೇನು? ಒಂದು ಗರಿ ಬಿಚ್ಚುವುದು, ಒಂದು ಪುಟ ಬರೆಯುವುದು, ಒಂದು ಕರಡು ತಿದ್ದುವುದು. ಅದೇ ದಿನಕ್ಕೊಂದು ಸೂತ್ರ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೀವು ಕಂಡಿದ್ದೀರಿ. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಅಲ್ಲಿ ಸಂಗೀತ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆ ಮಕ್ಕಳ ಭಾರವೆಲ್ಲ ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳ ಮೇಲೆ ಬಿತ್ತು. ಅವರಿಗೂ ಕಣ್ಣಿರಲಿಲ್ಲ, ಕೈಯಲ್ಲಿ ಹಣವಿರಲಿಲ್ಲ. ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು, ಬಂದದ್ದರಲ್ಲಿ ಮಕ್ಕಳಿಗೆ ಉಣ್ಣಿಸಿದರು. 2010ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ ಆ ಒಲೆ ಆರಲಿಲ್ಲ. ಮೂವತ್ತರ ಆ ವಯಸ್ಸಿನಲ್ಲಿ ಅವರಿಗೆ "ನನ್ನಿಂದ ಆದೀತೇ?" ಎಂಬ ಅಳುಕು ಬಂದಿರಲಿಲ್ಲವೆಂದು ಯಾರು ಹೇಳಬಲ್ಲರು? ಅಳುಕು ಬಾರದವನು ಧೀರನಲ್ಲ ತಾಯಂದಿರೇ, ಅಳುಕಿನೊಡನೆಯೇ ಒಲೆ ಹಚ್ಚುವವನು ಧೀರ.

ನಮ್ಮ ರೈತರಿಗೆ ಈ ಮಾತನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಮುಂಗಾರು ನಂಬಿ ಬಿತ್ತುತ್ತೀರಿ. ಮಳೆ ಹೋಗುತ್ತದೆ, ಮೊಳಕೆ ಸುಡುತ್ತದೆ. ಮತ್ತೆ ಹದ ಸಿಕ್ಕಾಗ ಕೂರಿಗೆ ಹೂಡಿ ಮರುಬಿತ್ತನೆ ಮಾಡುತ್ತೀರಿ. ಹಿಂದೆ ಬರಗಾಲದಲ್ಲಿ ಮನೆಯ ಹಿರಿಯ ತಾಯಂದಿರು ಏನು ಮಾಡುತ್ತಿದ್ದರು? ಇದ್ದ ಕಾಳೆಲ್ಲ ತೀರಿದರೂ, ಗೆಡ್ಡೆಗೆಣಸು, ಸೊಪ್ಪು ತಿಂದಾದರೂ, ಬೀಜದ ಕಾಳಿಗೆ ಮಾತ್ರ ಕೈಹಚ್ಚುತ್ತಿರಲಿಲ್ಲ. ಅದನ್ನು ಬೂದಿ ಬೆರೆಸಿ, ಗಡಿಗೆಯಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಇಡುತ್ತಿದ್ದರು. ಬೂದಿ ಇದ್ದರೆ ಹುಳು ಹತ್ತುವುದಿಲ್ಲ. ಬಂಧುಗಳೇ, ನಮ್ಮೊಳಗಿನ ಶ್ರದ್ಧೆಯೇ ಆ ಬೀಜದ ಕಾಳು. ಸೋಲಿನ ವರ್ಷದಲ್ಲಿ ಹಣ ಹೋಗಲಿ, ಹೆಸರು ಹೋಗಲಿ, ಈ ಕಾಳನ್ನು ಮಾತ್ರ ತಿಂದುಬಿಡಬೇಡಿರಿ. ನಾವು ಹಣೆಗೆ ವಿಭೂತಿ ಧರಿಸುವುದೂ ಇದಕ್ಕಾಗಿಯೇ ಎಂದು ತಿಳಿಯಿರಿ: ಒಳಗಿನ ಬೀಜಕ್ಕೆ ನಿಂದೆಯ ಹುಳು ಹತ್ತದಿರಲೆಂದು.

ಈಗ ಆಚರಣೆಯ ಮಾತು. ಮೂರನ್ನು ಹೇಳುತ್ತೇವೆ, ಮನೆಗೆ ಹೋಗಿ ಮಾಡಿ ನೋಡಿರಿ.

ಒಂದು, ಬೆಳಿಗ್ಗೆ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ಕುಳಿತಾಗ ಏನನ್ನೂ ಬೇಡಬೇಡಿರಿ. ಸುಮ್ಮನೆ ದೃಷ್ಟಿಯಿಟ್ಟು ನೋಡಿರಿ. ಉಸಿರು ನಿಧಾನವಾಗಲಿ. ಪರಶಿವನು ಇದನ್ನು ಕೊಟ್ಟದ್ದು ಗೆದ್ದವನ ಅಂಗೈಗೆ ಮಾತ್ರವಲ್ಲ. ನಪಾಸಾದವನ ಅಂಗೈ ಚಿಕ್ಕದಾಗುವುದಿಲ್ಲ, ಲಿಂಗವೂ ಅವನ ಕೈಯಲ್ಲಿ ಹಗುರಾಗುವುದಿಲ್ಲ. ನಿನ್ನೆ ಎಷ್ಟಿತ್ತೋ ಇಂದೂ ಅಷ್ಟೇ. ಇದನ್ನು ದಿನವೂ ಕಣ್ಣಾರೆ ಕಂಡವನು "ನಾನು ಯಾತಕ್ಕೂ ಬಾರದವನು" ಎಂದು ಹೇಗೆ ಹೇಳಿಯಾನು?

ಎರಡು, ಪೂಜೆ ಮುಗಿದ ಮೇಲೆ ಆ ದಿನದ ಒಂದು ಕೆಲಸವನ್ನು ಗೊತ್ತುಮಾಡಿಕೊಳ್ಳಿರಿ. ಚಿಕ್ಕದಿರಲಿ: ಒಂದು ಲೆಕ್ಕ, ಒಂದು ಬದು, ಸಾಲಗಾರನೊಡನೆ ಮುಖಾಮುಖಿ ಒಂದು ಮಾತು. ರಾತ್ರಿ ಮಲಗುವ ಮೊದಲು ಆಯಿತೋ ಇಲ್ಲವೋ ನೋಡಿಕೊಳ್ಳಿರಿ. ಆಗದಿದ್ದರೆ ನಾಳೆ ಅದನ್ನೇ ಮತ್ತೆ ಹಿಡಿಯಿರಿ. ಅದೇ ಕಾಯಕ.

ಮೂರು, ನೋವನ್ನು ಒಬ್ಬರೇ ಹೊರಬೇಡಿರಿ. ಶರಣರು ಒಬ್ಬೊಬ್ಬರೇ ಗುಹೆಯಲ್ಲಿ ಕೂರಲಿಲ್ಲ. ಅನುಭವಮಂಟಪದಲ್ಲಿ ಕೂಡಿ ಕುಳಿತರು. ಮನಸ್ಸು ಭಾರವಾದಾಗ ಒಬ್ಬರ ಮುಂದಾದರೂ ಬಾಯಿಬಿಡಿರಿ. ತಾಯಿಯಾಗಲಿ, ಗೆಳೆಯನಾಗಲಿ, ಮಾಸ್ತರರಾಗಲಿ. ಯಾರೂ ಇಲ್ಲದಿದ್ದರೆ ಮಠದ ಬಾಗಿಲು ತೆರೆದಿದೆ. ಜೀವವೇ ಬೇಡವೆನಿಸುವ ಮಟ್ಟಿಗೆ ಮನಸ್ಸು ಕುಸಿದರೆ, ನಿದ್ದೆ ಊಟಗಳು ಬಿಟ್ಟುಹೋದರೆ, ತಡಮಾಡದೆ ವೈದ್ಯರ ಬಳಿಗೆ ಹೋಗಿರಿ. ಜ್ವರ ಬಂದಾಗ ಔಷಧ ಕುಡಿಯುವುದು ಹೇಗೆ ಶ್ರದ್ಧೆಗೆ ಕೊರತೆಯಲ್ಲವೋ ಹಾಗೆಯೇ ಇದೂ. ಈ ದೇಹ ಶಿವನು ಕೊಟ್ಟದ್ದು, ಅದನ್ನು ಕಳೆದುಕೊಳ್ಳುವ ಅಧಿಕಾರ ನಮಗಿಲ್ಲ, ಕಾಯುವ ಹೊಣೆ ಇದೆ.

ತಂದೆತಾಯಿಗಳಿಗೂ ಒಂದು ಮಾತು. ಸೋತು ಬಂದ ಮಗುವಿಗೆ ಮೊದಲು ಒಂದು ತಂಬಿಗೆ ನೀರು ಕೊಡಿರಿ, ಎರಡು ರೊಟ್ಟಿ ಹಾಕಿರಿ. ಲೆಕ್ಕಾಚಾರ ನಾಳೆ. ನೆರೆಮನೆಯ ಮಗನ ಹೆಸರನ್ನು ಆ ದಿನ ಎತ್ತಬೇಡಿರಿ. ಬಿದ್ದವನ ಮೇಲೆ ಆಳಿಗೊಂದು ಕಲ್ಲು ಹಾಕುವ ಲೋಕ ಹೊರಗಿದ್ದೇ ಇದೆ. ಮನೆಯೊಳಗೂ ಕಲ್ಲು ಬೇಡ. ಮಗುವಿಗೆ ದೇವರ ಮೇಲಿನ ವಿಶ್ವಾಸ ಹುಟ್ಟುವುದು ಮೊದಲು ತಂದೆತಾಯಿಗಳ ಮುಖದಲ್ಲಿ.

ಕಡೆಯ ಮಾತು. ಮೂರು ದಿನಗಳ ಹಿಂದೆ ಬಂದ ಹುಡುಗ ಈ ದಿನ ಬೆಳಿಗ್ಗೆಯೇ ಮಠಕ್ಕೆ ಬಂದಿದ್ದಾನೆ. ನಾವು ಆತನಿಗೆ ಉಪದೇಶ ಮಾಡಲಿಲ್ಲ. "ದಾಸೋಹದಲ್ಲಿ ಬಡಿಸುವವರು ಕಡಿಮೆ ಇದ್ದಾರೆ, ಎಂಟು ದಿನ ಇರು" ಎಂದೆವು. ಮಧ್ಯಾಹ್ನ ನಿಮ್ಮಲ್ಲಿ ಅನೇಕರಿಗೆ ಆತನೇ ಸಾರು ಬಡಿಸಿದ್ದಾನೆ, ನಿಮಗೆ ಗುರುತಾಗಿರಲಿಕ್ಕಿಲ್ಲ. ಪಾಠ ಹೇಳಬಲ್ಲ ಗಣಿತದ ಮಾಸ್ತರರೊಬ್ಬರು ಈ ಸಭೆಯಲ್ಲಿಯೇ ಇದ್ದಾರೆ. ದಿನವೂ ಸಂಜೆ ಒಂದು ಲೆಕ್ಕ, ಒಂದೇ ಲೆಕ್ಕ, ಹೇಳಿಕೊಡಲು ಒಪ್ಪಿದ್ದಾರೆ. ಮುಂದಿನ ಸಲ ಆತ ಪಾಸಾಗುವನೋ ಇಲ್ಲವೋ ನಾವು ಹೇಳಲಾರೆವು; ಹಾಗೆ ಹೇಳಿದರೆ ನಾವೂ ಸಂತೆಯ ವ್ಯವಹಾರವನ್ನೇ ಕಲಿಸಿದಂತಾಗುತ್ತದೆ. ಆದರೆ ಆತನ ಪ್ರಶ್ನೆಗೆ ಉತ್ತರ ಕೊಡಬಲ್ಲೆವು. ತಮ್ಮಾ, ನಿನ್ನ ಮೂರರಲ್ಲಿ ಒಂದೂ ನಿಜವಲ್ಲ. ಶಿವನು ಕಿವುಡನಲ್ಲ, ನಿನ್ನ ಭಕ್ತಿ ಖೋಟಾ ಅಲ್ಲ, ನೀನು ಯಾತಕ್ಕೂ ಬಾರದವನಲ್ಲ. ನಿನಗೆ ಗಣಿತದಲ್ಲಿ ಕೆಲವು ಪಾಠಗಳು ಇನ್ನೂ ಬಂದಿಲ್ಲ. ನಿಜವಾದದ್ದು ಇಷ್ಟೇ. ಇದು ಬಹಳ ಚಿಕ್ಕ ನಿಜ. ಇದರ ಹತ್ತಿರ ಹೋಗಲು ನಾಲ್ಕು ಹೆಜ್ಜೆ ಸಾಕು.

ಗುರು ಲಿಂಗ ಜಂಗಮರ ಕೃಪೆ ನಿಮ್ಮೆಲ್ಲರ ಮೇಲಿರಲಿ, ನಿಮ್ಮ ಮನೆಯ ಬೀಜದ ಗಡಿಗೆ ಎಂದೂ ಬರಿದಾಗದಿರಲಿ ಎಂದು ಹಾರೈಸಿ ಈ ದಿನದ ಪ್ರವಚನವನ್ನು ಮಂಗಲಗೊಳಿಸುತ್ತೇವೆ.

ಶರಣು ಶರಣಾರ್ಥಿ.